ಹೊಸದಾಗಿ ಲೈಸೆನ್ಸ್ ಪಡೆದ ಮಕ್ಕಳ ಕೈಗೆ ಕಾರು ಕೊಡುವುದು ಹೇಗೆ?

ಡ್ರೈವಿಂಗ್ ಲೈಸೆನ್ಸ್ ಬಂದ ದಿನವೇ ಮಗನಿಗೋ ಮಗಳಿಗೋ ಕಾರಿನ ಕೀ ಒಪ್ಪಿಸಿ, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವ ತಂದೆತಾಯಂದಿರನ್ನು ಬಹಳ ನೋಡಿದ್ದೇನೆ. ಅಪಾಯ ಹೆಚ್ಚುವುದು ಆ ದಿನದಿಂದಲೇ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇರುವಷ್ಟು ಕಾಲ ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು ಕೂತು ರಸ್ತೆಯನ್ನು ತಾವೂ ನೋಡುತ್ತಿರುತ್ತಾರೆ. ಡಿಎಲ್ ಬಂದ ಮೇಲೆ ಆ ಸೀಟು ಖಾಲಿಯಾಗುತ್ತದೆ. ಅಮೆರಿಕದ ಲೆಕ್ಕಗಳಲ್ಲಿ, ಓಡಿಸಿದ ದೂರಕ್ಕೆ ಹೋಲಿಸಿದರೆ, 16ರಿಂದ 19 ವರ್ಷದ ಚಾಲಕರು ಸಾವು ಸಂಭವಿಸುವಂಥ ಅಪಘಾತಕ್ಕೆ ಸಿಲುಕುವ ಪ್ರಮಾಣ 20 ದಾಟಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಲೈಸೆನ್ಸ್ ಪಡೆದ ನಂತರದ ಮೊದಲ ಕೆಲವು ತಿಂಗಳುಗಳಂತೂ ಅತ್ಯಂತ ಅಪಾಯದವು. ಕ್ಲಚ್ಚು, ಗೇರು ಎಳೆಯರಿಗೆ ಬೇಗ ಒಗ್ಗುತ್ತವೆ. ನಿಂತ ಬಸ್ಸಿನ ಮುಂದಿನಿಂದ ಯಾರೋ ದಾಟಿಬರಬಹುದು, ಪಕ್ಕದ ಆಟೊ ಸೂಚನೆಯಿಲ್ಲದೆ ತಿರುಗಬಹುದು ಎಂಬ ಮುನ್ನೋಟ ಮಾತ್ರ ವರ್ಷಗಟ್ಟಲೆ ಓಡಿಸಿದ ಮೇಲೆ ಬರುವಂಥದ್ದು. ಅದು ಬರುವ ಮೊದಲೇ ಗಮನವೂ ಹರಿದುಹಂಚಿಹೋದರೆ ತಪ್ಪಿಸಿಕೊಳ್ಳಲು ಸಮಯವೇ ಉಳಿಯುವುದಿಲ್ಲ.

ಮೊದಲನೆಯದು, ವಯಸ್ಸು

18 ತುಂಬುವ ಮುನ್ನ ಬಡಾವಣೆಯ ಖಾಲಿ ರಸ್ತೆಯಲ್ಲೂ ಕಾರು ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 12 ತಿಂಗಳು ವಾಹನದ ನೋಂದಣಿ ರದ್ದು.

ಎರಡನೆಯದು, ಹೊರಡುವ ಮುನ್ನ

ಸೀಟು, ಕನ್ನಡಿ, ಬೆಲ್ಟು, ಎಸಿ, ಹಾಡು ಎಲ್ಲವನ್ನೂ ಕಾರು ನಿಂತಿರುವಾಗಲೇ ಸರಿಪಡಿಸಿಕೊಳ್ಳಲಿ.

ಮೂರನೆಯದು, ಫೋನು

ಹೆಚ್ಚಿನವರು ಎಡವುವುದು ಇಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬಂದ ಸಂದೇಶವನ್ನು ಓದಲು ಐದು ಸೆಕೆಂಡು ಕಣ್ಣು ಕೆಳಗಿಳಿದರೆ 80 ಮೀಟರಿಗೂ ಹೆಚ್ಚು ದೂರವನ್ನು ನೋಡದೆಯೇ ದಾಟಿದಂತಾಯಿತು. ಕಾರುಗಳೊಳಗೆ ಕ್ಯಾಮೆರಾ ಇಟ್ಟು ನಡೆಸಿದ ಅಮೆರಿಕದ ಅಧ್ಯಯನದಲ್ಲಿ, ರಸ್ತೆಯಿಂದ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ದೃಷ್ಟಿ ತಪ್ಪಿದಾಗ ಅಪಘಾತದ ಇಲ್ಲವೇ ಕೂದಲೆಳೆಯಲ್ಲಿ ತಪ್ಪುವ ಸಂದರ್ಭದ ಸಂಭವ ಕನಿಷ್ಠ ಇಮ್ಮಡಿಯಾಗುವುದು ಕಂಡುಬಂದಿತು.

ಆದ್ದರಿಂದ ಫೋನನ್ನು ಮಡಿಲಲ್ಲಾಗಲಿ, ಗೇರಿನ ಪಕ್ಕದ ಗುಳಿಯಲ್ಲಾಗಲಿ ಇಡಬಾರದು. ದಾರಿ ಗೊತ್ತಿದ್ದರೆ ಅದು ಸದ್ದಿಲ್ಲದೆ ಹಿಂದಿನ ಸೀಟಿನ ಬ್ಯಾಗಿನೊಳಗಿರಲಿ. ಮ್ಯಾಪ್ ಬೇಕಿದ್ದರೆ ಮನೆಯ ಮುಂದೆಯೇ ದಾರಿ ಹಾಕಿ, ಧ್ವನಿ ಜೋರು ಮಾಡಿ, ಕರೆ ಮತ್ತು ಸಂದೇಶಗಳನ್ನು ತಡೆಯುವ ಡ್ರೈವಿಂಗ್ ಮೋಡ್‌ಗೆ ಹಾಕಿ ಹೋಲ್ಡರಿನಲ್ಲಿ ಸಿಕ್ಕಿಸಬೇಕು. ಚಾಲಕರ ಏಕಾಗ್ರತೆ ಕೆಡದಂತೆ ದಾರಿ ನೋಡಲಷ್ಟೇ ಕೈಫೋನನ್ನು ಬಳಸಬಹುದೆಂದು ನಿಯಮವೂ ಹೇಳುತ್ತದೆ. ಗಾಜಿಗೆ ಅಂಟಿಸುವ ಅಗ್ಗದ ರಬ್ಬರ್ ಹೋಲ್ಡರನ್ನು ಕೊಳ್ಳಲೇಬೇಡಿ. ಬಿಸಿಲಿಗೆ ಹಿಡಿತ ಬಿಟ್ಟು ಅದು ಫೋನಿನ ಸಮೇತ ಪೆಡಲ್‌ಗಳ ಬಳಿ ಬೀಳುತ್ತದೆ, ಎಳೆಯ ಚಾಲಕ ಅದನ್ನು ಹೆಕ್ಕಲು ಬಗ್ಗುತ್ತಾನೆ. ಎಸಿ ಕಿಂಡಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುವಂಥದ್ದೇ ಉತ್ತಮ. ಡ್ಯಾಶ್‌ಬೋರ್ಡಿಗೆ ವಿಡಿಯೊ ಓಡುವ ದೊಡ್ಡ ಪರದೆ ಹಾಕಿಸಿಕೊಡುವ ಅಂಗಡಿಗಳಿಂದಲೂ ದೂರವಿರಿ.

ಬ್ಲೂಟೂತ್ ಇದ್ದರೆ ಮಾತಾಡಬಹುದಲ್ಲವೇ ಎಂದು ಅನೇಕರು ಕೇಳುತ್ತಾರೆ. ಕೂಡದು. ಕೈ ಬಿಡುವಾಗಿದ್ದರೂ ಮನಸ್ಸು ಬಿಡುವಾಗಿರುವುದಿಲ್ಲ ಎಂಬುದನ್ನು ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2001ರಿಂದಲೂ ತೋರಿಸುತ್ತ ಬಂದಿದ್ದಾರೆ: ಫೋನಿನಲ್ಲಿ ಮಾತಾಡುತ್ತಿರುವವರು ಕಣ್ಣೆದುರಿಗಿರುವುದನ್ನೂ ಗಮನಿಸದೆ ಹೋಗುತ್ತಾರೆ. ಕಾರಿಗೆ ಬಾಯಿಮಾತಿನಲ್ಲಿ ಆದೇಶ ಕೊಟ್ಟು ಮುಗಿಸಿದ ಮೇಲೂ ಗಮನ ಪೂರ್ತಿ ರಸ್ತೆಗೆ ಮರಳಲು 27 ಸೆಕೆಂಡುಗಳವರೆಗೆ ಹಿಡಿಯಬಹುದೆಂದು ಅವರ ತಂಡ 2015ರಲ್ಲಿ ಕಂಡುಕೊಂಡಿತು. ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆ ಫೋನು ನೋಡಿದರೆ ತಪ್ಪೇನು ಎನ್ನುವವರಿಗೂ ಇದೇ ಉತ್ತರ.

ಇನ್ನು ತಂದೆತಾಯಂದಿರ ತಪ್ಪು. ಮಗಳು ಹೊರಟು ಅರ್ಧ ಗಂಟೆಯಾಗುವಷ್ಟರಲ್ಲಿ "ಎಲ್ಲಿದ್ದೀಯಮ್ಮ?" ಎಂದು ಕರೆ ಮಾಡುವವರು ಅವರೇ, ತೆಗೆಯದಿದ್ದರೆ ಮತ್ತೆ ಮತ್ತೆ ಮಾಡಿ ಗದರುವವರೂ ಅವರೇ. ತಲುಪಿದ ಮೇಲೆ ಮಾತ್ರ ಫೋನ್ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಓಡಿಸುತ್ತಿರುವಾಗ ಅವಳು ಕರೆ ತೆಗೆದಳೆಂದು ತಿಳಿದರೆ, ಒಂದು ಮಾತೂ ಆಡದೆ ನೀವೇ ಕಟ್ ಮಾಡಿ. ಹೆದ್ದಾರಿಯಲ್ಲಿ ಮಾತಾಡಲೇಬೇಕಾಗಿ ಬಂದರೆ ಅಂಚಿನಲ್ಲಿ ನಿಲ್ಲಿಸದೆ ಪೆಟ್ರೋಲ್ ಬಂಕಿನವರೆಗೆ ಹೋಗಬೇಕೆಂದು ಹೇಳಿಕೊಡಿ.

ಕಣ್ಣು ರಸ್ತೆಯಲ್ಲಿ ನೆಲೆಯೂರಲು ಒಂದು ಅಭ್ಯಾಸವಿದೆ. ಬ್ರಿಟನ್ನಿನ ಪೊಲೀಸ್ ಚಾಲಕರ ತರಬೇತಿಯಲ್ಲಿ ಅದು ಬಹುಕಾಲದಿಂದ ಬಳಕೆಯಲ್ಲಿದೆ. ನೀವು ಪಕ್ಕದಲ್ಲಿ ಕುಳಿತು, ಕಾಣುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತ ಓಡಿಸುವಂತೆ ಕೇಳಿ: "ಎಡಕ್ಕೆ ಶಾಲೆ, ಮುಂದೆ ಹಂಪ್, ಆ ಸ್ಕೂಟರಿನವರು ಹಿಂದೆ ನೋಡದೆ ಬರುತ್ತಿದ್ದಾರೆ." ಮಾತು ನಿಂತಲ್ಲಿ ಗಮನವೂ ಜಾರಿದೆ ಎಂದು ನಿಮಗೆ ತಿಳಿಯುತ್ತದೆ. ಡ್ರೈವಿಂಗ್ ಶಾಲೆಯವರು ಇಷ್ಟೆಲ್ಲ ಹೇಳಿಕೊಡುವುದು ವಿರಳ. ಟೆಸ್ಟ್ ಟ್ರ್ಯಾಕಿನಲ್ಲಿ ಎಂಟು ಹಾಕಲು ಬಂದರೆ ಅವರ ಕೆಲಸ ಮುಗಿಯಿತು.

ನಾಲ್ಕನೆಯದು, ಜೊತೆಗಾರರು ಮತ್ತು ರಾತ್ರಿ

ಎಳೆಯ ಚಾಲಕರ ಪಕ್ಕದಲ್ಲಿ ಓರಗೆಯವರು ಕೂತರೆ ಅಪಾಯ ಏರುತ್ತದೆ, ಗೆಳೆಯರ ಸಂಖ್ಯೆ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಹಿರಿಯರೊಬ್ಬರು ಕೂತರೆ ಇಳಿಯುತ್ತದೆ. ಇದಕ್ಕಾಗಿಯೇ ನ್ಯೂಜಿಲೆಂಡ್ 1987ರಲ್ಲಿ ಹಂತಹಂತದ ಲೈಸೆನ್ಸ್ ಪದ್ಧತಿಯನ್ನು ತಂದು, ಹೊಸಬರು ರಾತ್ರಿ ಓಡಿಸುವುದಕ್ಕೂ ಜೊತೆಗೆ ಕರೆದೊಯ್ಯುವುದಕ್ಕೂ ಮಿತಿ ಹಾಕಿತು. ನಮ್ಮಲ್ಲಿ ಅಂಥ ಕಾನೂನಿಲ್ಲವಾದ್ದರಿಂದ ಮನೆಯವರೇ ಅದನ್ನು ಹಾಕಬೇಕು. ಮೊದಲ ಆರು ತಿಂಗಳು ಗೆಳೆಯರಿಲ್ಲದೆ, ಹಗಲಿನಲ್ಲಿ, ಪರಿಚಿತ ರಸ್ತೆಗಳಲ್ಲಿ. ಆಮೇಲೆ ಒಬ್ಬ ಗೆಳೆಯ. ರಾತ್ರಿಯ ಹೆದ್ದಾರಿ ವರ್ಷ ಕಳೆದ ಮೇಲೆ, ಮೊದಲ ಕೆಲವು ಸಲ ನಿಮ್ಮೊಂದಿಗೇ.

ಕೊನೆಯದು, ಮನೆಯ ಹಿರಿಯರು

ಓಡಿಸಿದ ದೂರದ ಲೆಕ್ಕದಲ್ಲಿ ಚಾಲಕರ ಅಪಾಯ ಮತ್ತೆ ಏರತೊಡಗುವುದು ಸುಮಾರು 70ರ ನಂತರ. ಹಿರಿಯರು ವೇಗಕ್ಕಿಂತ ಕೂಡುರಸ್ತೆಗಳಲ್ಲಿ, ಎದುರಿನ ವಾಹನಗಳ ನಡುವೆ ತಿರುಗುವಾಗ ಎಡವುತ್ತಾರೆ, ಮತ್ತು ಸಣ್ಣ ಪೆಟ್ಟೂ ಅವರಿಗೆ ದೊಡ್ಡದಾಗುತ್ತದೆ. 55 ದಾಟಿದವರ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ವೈದ್ಯಕೀಯ ಪ್ರಮಾಣಪತ್ರಕ್ಕೆ ಏಜೆಂಟರ ಮೂಲಕ ಸಹಿ ಹಾಕಿಸಿಕೊಂಡು ಬರದೆ, ಕಣ್ಣಿನ ಪೊರೆ ಇದೆಯೇ ಎಂಬುದನ್ನು ನಿಜವಾಗಿ ಪರೀಕ್ಷಿಸಿಕೊಳ್ಳಿ. ಬಲಕ್ಕೆ ತಿರುಗುವುದು ಕಷ್ಟವಾಗುತ್ತಿದೆ ಎಂದು ಅಪ್ಪ ಹೇಳಿದರೆ, ಸಿಗ್ನಲ್ ಇರುವ ಮುಂದಿನ ವೃತ್ತದವರೆಗೆ ಹೋಗಿ ತಿರುಗುವ ದಾರಿಯನ್ನು ಒಮ್ಮೆ ಜೊತೆಯಲ್ಲೇ ಹೋಗಿ ಗುರುತು ಮಾಡಿಕೊಡಿ.