ಅಮೆರಿಕದ ಪ್ಲಾಂಟಿಂಗ್ ಪ್ಲಾನ್ ಓದುವುದು: ಟೇಪ್ ಹಿಡಿಯುವುದು ಎಲ್ಲಿ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳಿಗೆ ಪ್ಲಾಂಟಿಂಗ್ ಪ್ಲಾನ್, ಅಂದರೆ ಎಲ್ಲಿ ಯಾವ ಗಿಡ ನೆಡಬೇಕು ಅನ್ನುವ ನಕ್ಷೆ, ಡ್ರಾಫ್ಟ್ ಮಾಡಿಕೊಡುವುದು ನನ್ನ ಕೆಲಸ. ಹೊಸದಾಗಿ ಸೇರಿದವರು ಮೊದಲು ಕೇಳುವುದು ಶಾರ್ಟ್‌ಫಾರ್ಮ್‌ಗಳ ಪಟ್ಟಿ. ಪಟ್ಟಿ ಕೊಡ್ತೀನಿ, ಆದರೆ ಅದನ್ನು ಬಾಯಿಪಾಠ ಮಾಡಿದರೆ ಅರ್ಧ ಕೆಲಸವೂ ಆಗಲ್ಲ. ಸೈಜ್ ಕಾಲಂನಲ್ಲಿ ಯಾವ ಅಂಕಿ ಕಂಡರೂ ನಾನು ಕೇಳಿಕೊಳ್ಳುವುದು ಒಂದೇ: ಇದಕ್ಕೆ ಗಿಡದ ಯಾವ ಜಾಗದಲ್ಲಿ ಟೇಪ್ ಹಿಡಿಯಬೇಕು?

ಪ್ಲಾನಿನ ಜೊತೆ ಬರುವ ಗಿಡಗಳ ಕೋಷ್ಟಕವೇ ಷೆಡ್ಯೂಲ್. ಅದರ ಒಂದು ಸಾಲು ನೋಡಿ. ‘ಕ್ಯೂವಿ – 6 – ಲೈವ್ ಓಕ್ – 3″ ಕ್ಯಾಲ್., 12–14′ ಎಚ್.ಟಿ., ಬಿ ಅಂಡ್ ಬಿ.’ ಕ್ಯೂವಿ ಅಂದರೆ ಕ್ವೆರ್ಕಸ್ ವರ್ಜಿನಿಯಾನಾಕ್ಕೆ ಪ್ಲಾನಿನ ಮೇಲೆ ಹಾಕಿರುವ ಗುರುತು, 6 ಅಂದರೆ ಎಷ್ಟು ಮರ ಅನ್ನುವುದು. ಒಂದು ಗೆರೆ ಅಡಿ, ಎರಡು ಗೆರೆ ಇಂಚು. ಎಚ್.ಟಿ. ಎತ್ತರ. ಪೊದೆಗಳಿಗೆ ಎಸ್.ಪಿ.ಆರ್. ಅಂತಲೂ ಇರುತ್ತದೆ, ಅದು ಹರವು. ಇಷ್ಟು ಸುಲಭ.

ತಲೆ ಕೆಡಿಸುವುದು ಕ್ಯಾಲ್. ಅದು ಕ್ಯಾಲಿಪರ್, ಅಂದರೆ ಕಾಂಡದ ಅಡ್ಡಳತೆ. ಅಲ್ಲಿನ ನರ್ಸರಿ ಗಿಡಗಳಿಗೆ ಆನ್ಸಿ ಝಡ್60.1 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ನೆಲದಿಂದ 6 ಇಂಚು ಮೇಲೆ ಅಳೆಯಬೇಕು. ಅಲ್ಲಿ ದಪ್ಪ 4 ಇಂಚು ದಾಟಿದರೆ 12 ಇಂಚು ಮೇಲಕ್ಕೆ ಹೋಗಬೇಕು. ನಮ್ಮ ಕಡೆ ಎತ್ತರ ಮತ್ತು ಬ್ಯಾಗ್ ಸೈಜ್ ಹೇಳಿ ಗಿಡ ತರಿಸುವುದು ರೂಢಿ, ದಪ್ಪ ಹೇಳಿದರೂ ಎಷ್ಟೋ ಸಲ ಅದು ಸುತ್ತಳತೆ. 3″ ಕ್ಯಾಲ್ ಮರಕ್ಕೆ ಟೇಪ್ ಸುತ್ತಿದರೆ ಒಂಬತ್ತೂವರೆ ಇಂಚಿನ ಹತ್ತಿರ ಬರುತ್ತದೆ. ಸುತ್ತಳತೆ 3 ಇಂಚು ಅಂದುಕೊಂಡರೆ ಒಂದಿಂಚೂ ದಪ್ಪ ಇಲ್ಲದ ಸಸಿ ಆಯಿತು, ಅಲ್ವಾ?

ಸೈಟಿನಲ್ಲಿ ಮೊದಲೇ ಇರುವ ಮರಗಳಿಗೆ ಕ್ಯಾಲ್ ಬರೆಯುವುದಿಲ್ಲ, ಡಿ.ಬಿ.ಎಚ್. (ಡಯಾಮೀಟರ್ ಅಟ್ ಬ್ರೆಸ್ಟ್ ಹೈಟ್) ಬರೆಯುತ್ತಾರೆ. ಅದೂ ಅಡ್ಡಳತೆಯೇ, ಆದರೆ ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂದರೆ 1.37 ಮೀಟರ್. ನಮ್ಮಲ್ಲಿ ಅರಣ್ಯದವರು ಎದೆಮಟ್ಟದ ಸುತ್ತಳತೆ ತೆಗೆಯುವುದೂ ಇದೇ ಎತ್ತರದಲ್ಲಿ. ಅಲ್ಲಿನ ಕೆಲವು ಊರುಗಳಲ್ಲಿ ಮರ ಕಡಿದರೆ ಇಂಚಿಗೆ ಇಂಚು ನೆಡಬೇಕು ಅನ್ನುವ ನಿಯಮ ಇದೆ. 12″ ಡಿ.ಬಿ.ಎಚ್. ಮರ ಹೋದರೆ 3″ ಕ್ಯಾಲ್‌ನ ನಾಲ್ಕು ಮರ. ಒಂದು ಇಂಚನ್ನು ಎದೆಮಟ್ಟದಲ್ಲೂ ಇನ್ನೊಂದನ್ನು ಪಾದದ ಹತ್ತಿರವೂ ಅಳೆದು ಲೆಕ್ಕ ಸರಿಹೋಯಿತು ಅನ್ನುವುದು ನನಗೆ ಈಗಲೂ ತಮಾಷೆಯೇ. ನಿಯಮ ಹಾಗಿದ್ದರೆ ಕೋಷ್ಟಕವೂ ಹಾಗೇ.

ಬಿ ಅಂಡ್ ಬಿ ಅಂದರೆ ಬೇರನ್ನು ಮಣ್ಣಿನ ಉಂಡೆ ಸಮೇತ ಅಗೆದು, ಗೋಣಿಬಟ್ಟೆ ಸುತ್ತಿ ಕಟ್ಟಿದ ಮರ. ಬಿ.ಆರ್. ಅಂದರೆ ಮಣ್ಣಿಲ್ಲದ ಬರಿ ಬೇರು. ಉಂಡೆಯ ಗಾತ್ರ ಸೈಜ್ ಕಾಲಂನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕ್ಯಾಲಿಪರ್‌ನಿಂದ ತಿಳಿದುಕೊಳ್ಳಬೇಕು. ಅದೇ ಮಾನದಂಡದಲ್ಲಿ 2″ ಮರಕ್ಕೆ ಕನಿಷ್ಠ 24″ ಅಗಲದ ಉಂಡೆ, 3″ಗೆ 32″, 4″ಗೆ 42″. ರಸ್ತೆಯ ಕರ್ಬಿಗೂ ಫುಟ್‌ಪಾತಿಗೂ ನಡುವೆ 4 ಅಡಿ ಪಟ್ಟಿ ಇದೆ ಅಂದುಕೊಳ್ಳಿ. ಅಲ್ಲಿ 4″ ಕ್ಯಾಲ್ ಮರ ಬರೆದಿದ್ದರೆ ಉಂಡೆಯ ಎರಡೂ ಕಡೆ ಉಳಿಯುವುದು ಮೂರು ಮೂರು ಇಂಚು. ನೆಡುವ ವಿಧಾನ ತೋರಿಸುವ ಡೀಟೇಲ್ ಶೀಟಿನಲ್ಲಿ ನೋಡಿದರೆ ಗುಂಡಿ ಉಂಡೆಯ ಎರಡು ಪಟ್ಟು ಅಗಲ ಇರಬೇಕು ಅಂತ ಇರುತ್ತದೆ. ಇಂಥದ್ದು ಕಂಡರೆ ನಾನು ಸುಮ್ನೆ ಗೆರೆ ಎಳೆದು ಕಳಿಸಲ್ಲ, ರೆಡ್‌ಲೈನ್‌ನಲ್ಲಿ, ಅಂದರೆ ಡ್ರಾಯಿಂಗ್ ಮೇಲೆ ಕೆಂಪಿನಲ್ಲಿ, ಪ್ರಶ್ನೆ ಬರೆಯುತ್ತೇನೆ.

ಕಂಟೇನರ್ ಅಂಕಿ ಇನ್ನೊಂದು ಥರ. #1, #5, #15 ಅಂತ ಬರೆಯುತ್ತಾರೆ, ಬಾಯಲ್ಲಿ ಎಲ್ಲರೂ ಗ್ಯಾಲನ್ ಅನ್ನುತ್ತಾರೆ. ಕುಂಡದಲ್ಲಿ ಅಷ್ಟು ಗ್ಯಾಲನ್ ಹಿಡಿಯಲೇಬೇಕು ಅಂತೇನಿಲ್ಲ. #1ಕ್ಕೆ ಮಾನದಂಡ ಕೊಟ್ಟಿರುವ ಮಿತಿ 152ರಿಂದ 251 ಘನ ಇಂಚು, ಒಂದು ಗ್ಯಾಲನ್ ಅಂದರೆ 231. ಹಾಗಾಗಿ ಮಣ್ಣಿನ ಲೆಕ್ಕಕ್ಕೆ ಈ ಅಂಕಿ ಬಳಸಬೇಡಿ. ಕ್ಯಾಲಿಫೋರ್ನಿಯಾದ ಡ್ರಾಯಿಂಗ್‌ನಲ್ಲಿ 24″ ಬಾಕ್ಸ್, 36″ ಬಾಕ್ಸ್ ಅಂತ ಬಂದರೆ ಅದು ಮರದ ಪೆಟ್ಟಿಗೆಯ ಅಗಲ. ಫ್ಲೋರಿಡಾದ ಪಾಮ್‌ಗಳಿಗೆ ಸಿ.ಟಿ. ಅಂತ ಇರುತ್ತದೆ: ನೆಲದಿಂದ ಗರಿ ಶುರುವಾಗುವವರೆಗಿನ ಬೋಳು ಕಾಂಡ. ಓ.ಎ. ಅಂತಿದ್ದರೆ ಗರಿಯೂ ಸೇರಿದ ಒಟ್ಟು ಎತ್ತರ.

ಇನ್ನು ಓ.ಸಿ. ಒಂದು ಗಿಡದ ನಡುವಿನಿಂದ ಪಕ್ಕದ ಗಿಡದ ನಡುವಿಗೆ ಇರುವ ದೂರ. ದುಡ್ಡಿನ ವ್ಯತ್ಯಾಸ ಜಾಸ್ತಿ ಆಗುವುದು ಇಲ್ಲೇ. 240 ಚದರಡಿಯ ಪಾತಿ, 12″ ಓ.ಸಿ. ಲಿರಿಯೋಪೆ (ಹುಲ್ಲಿನಂಥ, ನೆಲ ಮುಚ್ಚುವ ಗಿಡ). ಚೌಕವಾಗಿ ನೆಟ್ಟರೆ 240 ಸಸಿ. ಆದರೆ ನೆಲ ಮುಚ್ಚುವ ಗಿಡಗಳಿಗೆ ನೋಟ್ಸ್‌ನಲ್ಲಿ ಹೆಚ್ಚಾಗಿ ತ್ರಿಕೋನ ಅಂತರ ಎಂದಿರುತ್ತದೆ. ಆಗ ಗಿಡಗಳ ನಡುವೆ 12 ಇಂಚೇ ಇದ್ದರೂ ಸಾಲಿನಿಂದ ಸಾಲಿಗೆ 10.4 ಇಂಚು ಮಾತ್ರ. 12ಕ್ಕೆ 10.4 ಅಂದರೆ ಸುಮಾರು 0.866 ಪಟ್ಟು, ವಿಸ್ತೀರ್ಣವನ್ನು ಅದರಿಂದ ಭಾಗಿಸಿದರೆ 277 ಸಸಿ. ಷೆಡ್ಯೂಲ್‌ನಲ್ಲಿ 240 ಅಂತಲೇ ಕಂಡರೆ ಯಾರೋ ಚದರಡಿಯನ್ನೇ ಸಸಿ ಎಂದು ತುಂಬಿಸಿದ್ದಾರೆ ಅಂತ ಅನುಮಾನ ಪಡುತ್ತೇನೆ. ಅಂಚಿನ ಸಾಲು ಕರ್ಬಿನಿಂದ ಅರ್ಧ ಅಂತರ ಒಳಗೆ ಬಂದಿದೆಯಾ ಅಂತಲೂ ನೋಡುತ್ತೇನೆ.

ಪ್ಲಾನಿನ ಮೇಲಿನ ವೃತ್ತವನ್ನು ಅಳೆದು ಗಿಡದ ಸೈಜ್ ಹೇಳಬಾರದು. ಅದನ್ನು ಸಾಮಾನ್ಯವಾಗಿ ಬೆಳೆದ ಗಿಡದ ಹರವಿಗೆ, ಇಲ್ಲವೇ ಅದಕ್ಕಿಂತ ಸ್ವಲ್ಪ ಕಡಿಮೆಗೆ ಬರೆಯುತ್ತಾರೆ. ನೆಡುವಾಗ 18 ಇಂಚಿರುವ ಪೊದೆ ಶೀಟಿನಲ್ಲಿ 4 ಅಡಿ ಕಾಣುವುದು ಅದಕ್ಕೇ.

ಪ್ರಿಂಟ್ ಮೇಲೆ ಅಳೆಯುವವರಿಗೆ ಒಂದು ಮಾತು. ಅವರ ಶೀಟ್ 24×36 ಇಂಚು, ನಾವು ತೆಗೆಯುವುದು ಎ3 ಪ್ರಿಂಟ್. ಅದು ಸರಿಯಾಗಿ ಅರ್ಧವೂ ಅಲ್ಲ. 1″=20′ ಅಂತ ಬರೆದಿರುವ ಶೀಟ್ ಎ3ಯಲ್ಲಿ ಕೂತಾಗ ಒಂದು ಇಂಚಿಗೆ ಸುಮಾರು 43 ಅಡಿಗೂ ಹೆಚ್ಚು ಬರುತ್ತದೆ. ಬರೆದ ಸ್ಕೇಲ್ ಬಿಟ್ಟು, ಶೀಟಿನ ಬಾರ್ ಸ್ಕೇಲ್ (ಪ್ರಿಂಟ್ ಜೊತೆಗೇ ಕುಗ್ಗುವ ಅಳತೆಗೆರೆ) ಹಿಡಿದು ಅಳೆಯಿರಿ. ಬಾರ್ ಸ್ಕೇಲ್ ಇಲ್ಲದಿದ್ದರೆ ನಾನು ಪಾರ್ಕಿಂಗ್ ಹುಡುಕುತ್ತೇನೆ. ಅಮೆರಿಕದಲ್ಲಿ ಒಂದು ಕಾರಿನ ಜಾಗ ಸಾಮಾನ್ಯವಾಗಿ 9 ಅಡಿ ಅಗಲ. ಹತ್ತು ಕಾರಿನ ಸಾಲನ್ನು ಒಟ್ಟಿಗೆ ಅಳೆದು 90 ಅಡಿಗೆ ಹೊಂದಿಸಿಕೊಂಡರೆ ಅಂದಾಜಿಗೆ ಸಾಕು.