ಡಿಸ್ನಿ ವರ್ಲ್ಡ್‌ಗೆ ಹೋಗಿ ಪಾರ್ಕ್ ಟಿಕೆಟ್ ಕೊಳ್ಳದೆ ಮನೆಮಂದಿಯೆಲ್ಲಾ ದಿನ ಕಳೆಯುವುದು ಹೇಗೆ

ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ರಜೆ ಇರುತ್ತದೆ, ಎಲ್ಲರೂ ಸೇರಿ ಫ್ಲೋರಿಡಾದ ಆರ್ಲ್ಯಾಂಡೊಗೆ ಹೊರಡೋಣ ಅಂತ ಮಾತಾಗುತ್ತದೆ. ಅಮೆರಿಕದಲ್ಲಿರುವ ಎಷ್ಟೋ ಕನ್ನಡ ಮನೆಗಳ ಪ್ಲಾನ್ ಇದೇ ಅಲ್ವಾ? ಆಮೇಲೆ ಅಲ್ಲಿನ ಡಿಸ್ನಿ ವರ್ಲ್ಡ್‌ನ ಟಿಕೆಟ್ ಬೆಲೆ ನೋಡುತ್ತೀರಿ. ಒಂದು ದಿನಕ್ಕೆ ಒಬ್ಬರಿಗೆ 100 ಡಾಲರ್ ದಾಟುತ್ತದೆ, ಕ್ರಿಸ್‌ಮಸ್ ವಾರದಲ್ಲಿ ಅಲ್ಲಿನ ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ 200 ಡಾಲರ್ ಆಸುಪಾಸು. 3 ವರ್ಷದೊಳಗಿನ ಮಗುವಿಗೆ ಮಾತ್ರ ಫ್ರೀ. 10 ತುಂಬಿದರೆ ದೊಡ್ಡವರ ದರ. ಹಿರಿಯರಿಗೆ ಅಂತ ರಿಯಾಯಿತಿ ಇಲ್ಲ, ಅವರು ಒಂದೂ ರೈಡ್ ಹತ್ತದಿದ್ದರೂ ಪೂರ್ತಿ ದುಡ್ಡು.

ನಾನು ಹೇಳುವುದು ಇಷ್ಟು: ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಇಡೀ ಟ್ರಿಪ್ ಪಾರ್ಕಿನ ಒಳಗೇ ಕಳೆಯಬೇಕಾಗಿಲ್ಲ. ಹೊರಗಡೆ ಕಳೆಯುವ ದಿನವನ್ನು "ದುಡ್ಡು ಉಳಿಸಿದ ದಿನ" ಅಂತ ಸುಮ್ನೆ ತಳ್ಳಿಬಿಡಬೇಡಿ. ಅಜ್ಜ ಅಜ್ಜಿ ಜೊತೆಗಿದ್ದರೆ ಆ ದಿನವೇ ಹೆಚ್ಚು ಚೆನ್ನಾಗಿರುತ್ತದೆ. ಅದಕ್ಕೂ ಸರಿಯಾಗಿ ಪ್ಲಾನ್ ಮಾಡಬೇಕು ಅಷ್ಟೇ.

ಮೊದಲು ಜಾಗ ಹೇಗಿದೆ ಅಂತ ತಿಳಿದುಕೊಳ್ಳಿ. 1971ರ ಅಕ್ಟೋಬರ್ 1ರಂದು ತೆರೆದ ಈ ರೆಸಾರ್ಟ್ 100 ಚದರ ಕಿಲೋಮೀಟರ್ ಮೇಲಿದೆ. ನಾಲ್ಕು ಥೀಮ್ ಪಾರ್ಕ್‌ಗಳು ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಕೆರೆ, ಕಾಡು, ರಸ್ತೆ, ಹೋಟೆಲ್‌ಗಳು. ಟಿಕೆಟ್ ಕೇಳುವುದು ಪಾರ್ಕಿನ ಗೇಟಿನಲ್ಲಿ. ಹೋಟೆಲ್ ಲಾಬಿ, ಅಂಗಡಿ, ಕೆರೆ ದಂಡೆಗಳಿಗೆ ಟಿಕೆಟ್ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಬಸ್, ಬೋಟ್, ಮೊನೊರೈಲ್, ಸ್ಕೈಲೈನರ್ ಅನ್ನುವ ಕೇಬಲ್ ಕಾರ್ ಯಾವುದಕ್ಕೂ ಚಾರ್ಜ್ ಇಲ್ಲ. ಚಿಕ್ಕ ಮಕ್ಕಳಿಗೆ ಇವೇ ರೈಡುಗಳು.

ಕಾರ್ ಎಲ್ಲಿ ನಿಲ್ಲಿಸುವುದು? ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ. ಅಂಗಡಿ, ಊಟದ ಹೋಟೆಲು, ಹಾಡು ಕುಣಿತ ಇರುವ ದೊಡ್ಡ ಬಜಾರ್ ಇದು, ಒಳಗೆ ಹೋಗಲೂ ದುಡ್ಡಿಲ್ಲ, ಪಾರ್ಕಿಂಗ್‌ಗೂ ದುಡ್ಡಿಲ್ಲ. ಆರೆಂಜ್, ಲೈಮ್, ಗ್ರೇಪ್‌ಫ್ರೂಟ್ ಅಂತ ಮೂರು ದೊಡ್ಡ ಗ್ಯಾರೇಜ್ ಇವೆ. ಇಳಿದ ಕೂಡಲೇ ಗ್ಯಾರೇಜ್ ಹೆಸರು, ಮಹಡಿ ಎರಡೂ ಕಾಣುವ ಹಾಗೆ ಒಂದು ಫೋಟೊ ಹೊಡೆದಿಟ್ಟುಕೊಳ್ಳಿ. ಮ್ಯಾಜಿಕ್ ಕಿಂಗ್‌ಡಮ್ ಎದುರಿನ ದೊಡ್ಡ ಪಾರ್ಕಿಂಗ್ ಲಾಟ್‌ಗೆ ಮಾತ್ರ ಹೋಗಬೇಡಿ. ಅಲ್ಲಿ ನೀವು ಪಾರ್ಕಿಗೆ ಹೋದರೂ ಹೋಗದಿದ್ದರೂ 30 ಡಾಲರಿಗೆ ಕಮ್ಮಿ ತೆಗೆದುಕೊಳ್ಳುವುದಿಲ್ಲ.

ಡಿಸ್ನಿ ಸ್ಪ್ರಿಂಗ್ಸ್‌ನಿಂದ ಡಿಸ್ನಿಯ ಹೋಟೆಲ್‌ಗಳಿಗೆಲ್ಲಾ ಬಸ್ ಇದೆ. ಯಾವ ಹೋಟೆಲ್‌ಗೆ ಹೋಗಬೇಕೋ ಆ ಬೋರ್ಡ್ ಇರುವ ಕಡೆ ನಿಂತರಾಯಿತು. ಒಂದು ವಿಷಯ ಗಮನದಲ್ಲಿರಲಿ. ಜನ ಕಿಕ್ಕಿರಿಯುವ ಹಬ್ಬದ ದಿನಗಳಲ್ಲಿ ಬಸ್ಸು ಬೋಟು ಹತ್ತುವ ಮೊದಲು ಹೋಟೆಲ್ ಬುಕಿಂಗ್ ಅಥವಾ ಊಟದ ರಿಸರ್ವೇಶನ್ ತೋರಿಸಿ ಅಂತ ಕೇಳುವುದುಂಟು. ಹೋಟೆಲ್‌ಗೆ ಸೀದಾ ಕಾರಿನಲ್ಲೇ ಹೋದರೂ ಗೇಟಿನಲ್ಲಿ ಇದೇ ಪ್ರಶ್ನೆ. ಹಾಗಾಗಿ ಹೋಗಬೇಕಾದ ಹೋಟೆಲ್‌ನಲ್ಲಿ ಒಂದು ಊಟ ಮೊದಲೇ ಬುಕ್ ಮಾಡಿಡಿ. 60 ದಿನ ಮುಂಚೆಯಿಂದ ಡಿಸ್ನಿ ಆಪ್‌ನಲ್ಲಿ ಸಿಗುತ್ತದೆ, ಆಪ್ ಫ್ರೀ. ಬೇಡವಾದರೆ ಹೊತ್ತಿಗೆ ಮುಂಚೆ ಕ್ಯಾನ್ಸಲ್ ಮಾಡಿ, ಇಲ್ಲದಿದ್ದರೆ ತಲೆಗೆ ಇಷ್ಟು ಅಂತ ದುಡ್ಡು ಹಿಡಿಯುತ್ತಾರೆ. ಗೇಟಿನಲ್ಲಿ ಇಲ್ಲದ ಬುಕಿಂಗ್ ಇದೆ ಅಂತ ಸುಳ್ಳು ಹೇಳಬೇಡಿ. ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ.

ಒಂದು ದಿನಕ್ಕೆ ಒಂದೇ ದಿಕ್ಕು ಆರಿಸಿಕೊಳ್ಳಿ. ಎಲ್ಲಾ ಹೋಟೆಲ್ ಒಂದೇ ದಿನ ನೋಡುತ್ತೇವೆ ಅಂತ ಹೊರಟರೆ ಬಸ್ ಸ್ಟಾಪಿನಲ್ಲೇ ದಿನ ಮುಗಿಯುತ್ತದೆ.

ನನ್ನನ್ನು ಕೇಳಿದರೆ ಮೊದಲನೆಯದು ಅನಿಮಲ್ ಕಿಂಗ್‌ಡಮ್ ಲಾಡ್ಜ್. 2001ರಲ್ಲಿ ತೆರೆದ ಈ ಹೋಟೆಲ್ ಸುತ್ತ ಆಫ್ರಿಕಾದ ಹುಲ್ಲುಗಾವಲಿನಂಥ ಬಯಲು ಮಾಡಿ ಅದರಲ್ಲಿ ನಿಜವಾದ ಪ್ರಾಣಿಗಳನ್ನು ಬಿಟ್ಟಿದ್ದಾರೆ. ಜಿರಾಫೆ, ಜೀಬ್ರಾ, ಅಂಕೋಲೆ ಅನ್ನುವ ಆಫ್ರಿಕಾದ ದನ. ಹಳ್ಳಿಕಾರ್ ಎತ್ತಿನ ಕೊಂಬು ನೋಡಿ ಬೆಳೆದ ನಮ್ಮ ಕಡೆ ಹಿರಿಯರೂ ಅಂಕೋಲೆಯ ಕೊಂಬಿನ ದಪ್ಪ ನೋಡಿ ಬಾಯಿಮೇಲೆ ಬೆರಳಿಡುತ್ತಾರೆ. ಇಲ್ಲಿ ಎರಡು ಕಟ್ಟಡ ಇವೆ, ಜಾಂಬೊ ಹೌಸ್ ಮತ್ತು ಕಿಡಾನಿ ವಿಲೇಜ್. ಜಾಂಬೊ ಹೌಸ್‌ನ ಲಾಬಿ ದಾಟಿ ಹಿಂದಕ್ಕೆ ಹೋದರೆ ಬಯಲಿನೊಳಕ್ಕೆ ಚಾಚಿದ ಒಂದು ಬಂಡೆಯ ಜಾಗ ಇದೆ, ಅದರ ಹೆಸರು ಅರುಷಾ ರಾಕ್. ಅಲ್ಲಿ ನಿಂತು ನೋಡಿ. ಬೆಳಗ್ಗೆ ಬೇಗ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಹೋಗಿ, ನಡು ಮಧ್ಯಾಹ್ನ ಪ್ರಾಣಿಗಳು ನೆರಳು ಹುಡುಕಿಕೊಂಡು ಮಲಗಿರುತ್ತವೆ. ಅವುಗಳನ್ನು ನೋಡಿಕೊಳ್ಳುವ ಸಿಬ್ಬಂದಿ ಸುತ್ತಮುತ್ತ ಇದ್ದರೆ ಮಕ್ಕಳಿಗೆ ಹೇಳಿ, ಪ್ರಶ್ನೆ ಕೇಳಲಿ. ಸಮಾಧಾನವಾಗಿ ಉತ್ತರ ಹೇಳುತ್ತಾರೆ.

ಊಟಕ್ಕೆ ಕಿಡಾನಿ ವಿಲೇಜ್‌ನ ಸನಾ. ಆಫ್ರಿಕಾ ಮತ್ತು ಭಾರತದ ಅಡುಗೆ ಸೇರಿಸಿ ಮಾಡುವ ಜಾಗ ಇದು. ಇಲ್ಲಿ ಬ್ರೆಡ್ ಸರ್ವಿಸ್ ಅಂತ ಕೇಳಿ. ನಾನ್, ಈರುಳ್ಳಿ ಕುಲ್ಚಾ, ಪನೀರ್ ಪರಾಠ ಬರುತ್ತವೆ, ಜೊತೆಗೆ ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ರಾಯ್ತಾ, ಬೆಳ್ಳುಳ್ಳಿ ಉಪ್ಪಿನಕಾಯಿ ಇನ್ನೂ ಏನೇನೋ ಚಿಕ್ಕ ಚಿಕ್ಕ ಬಟ್ಟಲಿನಲ್ಲಿ. ವಾರದಿಂದ ಪಿಜ್ಜಾ ಮತ್ತು ಫ್ರೈಸ್ ತಿಂದು ಸುಸ್ತಾದ ಸಸ್ಯಾಹಾರಿ ಅಮ್ಮನಿಗೆ ಇದಕ್ಕಿಂತ ಒಳ್ಳೆಯ ಜಾಗ ಡಿಸ್ನಿಯಲ್ಲಿ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ತಟ್ಟೆ ತರಿಸಿ ಎಲ್ಲರೂ ಹಂಚಿಕೊಳ್ಳಬಹುದು. ಕಿಟಕಿಯ ಆಚೆ ಜಿರಾಫೆ ಓಡಾಡುತ್ತಿರುತ್ತದೆ. ಕಿಟಕಿ ಪಕ್ಕದ ಟೇಬಲ್ ಕೊಡಿ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಕತ್ತಲಾದರೆ ಕಿಟಕಿಯಿಂದ ಏನೂ ಕಾಣುವುದಿಲ್ಲ, ಆದ್ದರಿಂದ ಹಗಲಿನ ಹೊತ್ತಿಗೇ ಬುಕ್ ಮಾಡಿ.

ಎರಡನೆಯ ದಿಕ್ಕು ಮ್ಯಾಜಿಕ್ ಕಿಂಗ್‌ಡಮ್ ಕಡೆಯದು. ಬಸ್ಸಿನಲ್ಲಿ ಪಾಲಿನೇಷಿಯನ್ ಹೋಟೆಲ್‌ಗೆ ಹೋಗಿ, ಅಲ್ಲಿ ಅನಾನಸ್ ರುಚಿಯ ಡೋಲ್ ವಿಪ್ ಅನ್ನುವ ಐಸ್‌ಕ್ರೀಮ್‌ನಂಥ ತಿನಿಸು ತಿಂದು, ಮೊನೊರೈಲ್ ಹತ್ತಿ. ಹತ್ತುವ ಮೊದಲು ಬ್ಯಾಗ್ ಚೆಕ್ ಇರುತ್ತದೆ. ಮೊನೊರೈಲ್ ಗ್ರ್ಯಾಂಡ್ ಫ್ಲೋರಿಡಿಯನ್, ಮ್ಯಾಜಿಕ್ ಕಿಂಗ್‌ಡಮ್ ಗೇಟ್ ಎಲ್ಲಾ ದಾಟಿ ಕಂಟೆಂಪರರಿ ಹೋಟೆಲ್‌ನ ಹೊಟ್ಟೆಯೊಳಗೇ ನುಗ್ಗುತ್ತದೆ. ಅಲ್ಲಿ ಇಳಿಯಿರಿ. ಒಳಗೆ 27 ಮೀಟರ್ ಎತ್ತರದ ಟೈಲ್ಸ್ ಚಿತ್ರ ಇದೆ, ಮೇರಿ ಬ್ಲೇರ್ ಅನ್ನುವ ಕಲಾವಿದೆ ರಚಿಸಿದ್ದು. ಅದರಲ್ಲಿ ಒಂದು ಮೇಕೆಗೆ ಐದು ಕಾಲು. ಮಕ್ಕಳಿಗೆ ಹುಡುಕಲು ಬಿಡಿ, ಮೊನೊರೈಲ್ ಕಡೆ ಮುಖ ಮಾಡಿದ ಗೋಡೆಯಲ್ಲಿದೆ ಅಂತ ಮಾತ್ರ ಸುಳಿವು ಕೊಡಿ.

ಕಂಟೆಂಪರರಿಯ ಹಿಂದಿನ ದಡದಿಂದ ಬೋಟ್ ಹಿಡಿದರೆ ವೈಲ್ಡರ್ನೆಸ್ ಲಾಡ್ಜ್, ಆಮೇಲೆ ಫೋರ್ಟ್ ವೈಲ್ಡರ್ನೆಸ್. ಲಾಡ್ಜ್‌ನ ಲಾಬಿ ಮರದ ದಿಮ್ಮಿಗಳಲ್ಲಿ ಮಾಡಿದ್ದು, ಎಷ್ಟೋ ಮಹಡಿ ಎತ್ತರ, ದೊಡ್ಡದೊಂದು ಬೆಂಕಿಗೂಡು ಇದೆ. ಹಿರಿಯರು ಅಲ್ಲಿ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳಲಿ, ನೀವು ಮಕ್ಕಳ ಜೊತೆ ಹಿತ್ತಲಿಗೆ ಹೋಗಿ ಬುಗ್ಗೆ ಚಿಮ್ಮುವುದನ್ನು ನೋಡಿ. ಫೋರ್ಟ್ ವೈಲ್ಡರ್ನೆಸ್ ಟೆಂಟ್ ಹಾಕಿ ಉಳಿಯುವ ಜಾಗ. ಇಲ್ಲಿ ಕುದುರೆ ಲಾಯ ಇದೆ. ಸಂಜೆ ಡಿಸ್ನಿ ಕಾರ್ಟೂನಿನ ಚಿಪ್ ಮತ್ತು ಡೇಲ್ ಅಳಿಲುಗಳು ಬಂದು ಮಕ್ಕಳ ಜೊತೆ ಬೆಂಕಿ ಸುತ್ತ ಹಾಡುತ್ತವೆ, ಆಮೇಲೆ ಬಯಲಿನಲ್ಲೇ ಒಂದು ಸಿನಿಮಾ. ಎರಡೂ ಫ್ರೀ. ಎಷ್ಟು ಹೊತ್ತಿಗೆ ಶುರು ಅನ್ನುವುದು ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ, ಆಪ್ ನೋಡಿ. ಬೆಂಕಿಯಲ್ಲಿ ಸುಡುವ ಮಾರ್ಷ್‌ಮ್ಯಾಲೊ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯಿಂದ ಬಂದದ್ದು. ನಿಮ್ಮ ಮನೆಯಲ್ಲಿ ತಿನ್ನುವುದಿಲ್ಲವಾದರೆ ಸಸ್ಯಾಹಾರಿ ಪ್ಯಾಕೆಟ್ ಮೊದಲೇ ತಂದಿಟ್ಟುಕೊಳ್ಳಿ. ಬೇರೆ ಮಕ್ಕಳೆಲ್ಲಾ ಸುಟ್ಟು ತಿನ್ನುವಾಗ ನಿಮ್ಮ ಮಗು ಸುಮ್ನೆ ನೋಡುತ್ತಾ ಕೂರಬಾರದು.

ರಾತ್ರಿ ಕೆರೆಯ ಮೇಲೆ ದೀಪದ ತೆಪ್ಪಗಳು ಸಾಲಾಗಿ ಬರುತ್ತವೆ, ಸಂಗೀತದ ಜೊತೆ. ಎಲೆಕ್ಟ್ರಿಕಲ್ ವಾಟರ್ ಪೇಜೆಂಟ್ ಅಂತ ಹೆಸರು, 1971ರಿಂದ ನಡೆದು ಬಂದಿದೆ. ಮ್ಯಾಜಿಕ್ ಕಿಂಗ್‌ಡಮ್‌ನ ಪಟಾಕಿಯೂ ಇದೇ ಕೆರೆ ದಂಡೆಯಿಂದ ಕಾಣುತ್ತದೆ. ಪಾಲಿನೇಷಿಯನ್ ಬೀಚಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಜುಲೈ 4, ಡಿಸೆಂಬರ್ 31ರಂಥ ದಿನ ಅಲ್ಲಿ ಉಳಿದುಕೊಂಡವರನ್ನು ಮಾತ್ರ ಬಿಡುವುದುಂಟು. ಮರಳು ಇದೆ ಅಂತ ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಈ ಕೆರೆಗಳಲ್ಲಿ ಈಜುವಂತಿಲ್ಲ, ಅಲಿಗೇಟರ್ ಇರುತ್ತವೆ, ಎಚ್ಚರಿಕೆಯ ಬೋರ್ಡೂ ಹಾಕಿದ್ದಾರೆ. ಕತ್ತಲಲ್ಲಿ ಕೈ ಹಿಡಿದುಕೊಂಡೇ ಇರಿ.

ಮೂರನೆಯದು ಆಕಾಶದ ದಾರಿ. ಬಸ್ಸಿನಲ್ಲಿ ಆರ್ಟ್ ಆಫ್ ಅನಿಮೇಷನ್ ಹೋಟೆಲ್‌ಗೆ ಹೋಗಿ. ನೀಮೊ, ಸಿಂಬಾ, ಕಾರ್ಸ್‌ನ ಕಾರುಗಳು ಎಲ್ಲಾ ಆಳೆತ್ತರಕ್ಕೂ ಮೀರಿ ನಿಂತಿವೆ, ಮಕ್ಕಳ ಫೋಟೊಗೆ ಬೇರೆಲ್ಲೂ ಹೋಗಬೇಕಾಗಿಲ್ಲ. ಕೆರೆಯ ಸೇತುವೆ ದಾಟಿದರೆ ಪಾಪ್ ಸೆಂಚುರಿ ಹೋಟೆಲ್. ಸೇತುವೆ ಹತ್ತಿರವೇ ಸ್ಕೈಲೈನರ್ ಹತ್ತಿ, ಕೆರಿಬಿಯನ್ ಬೀಚ್‌ನಲ್ಲಿ ಎಪ್‌ಕಾಟ್ ಲೈನಿಗೆ ಬದಲಾಯಿಸಿಕೊಳ್ಳಿ. ಕೊನೆಯಲ್ಲಿ ಎಪ್‌ಕಾಟ್ ಅನ್ನುವ ಥೀಮ್ ಪಾರ್ಕಿನ ಹಿಂಬಾಗಿಲ ಹೊರಗೆ ಇಳಿಸುತ್ತದೆ. ಗೇಟ್ ಕಡೆ ತಿರುಗದೆ ಹೊರಗಿನ ದಾರಿ ಹಿಡಿದರೆ ಕೆಲವೇ ನಿಮಿಷದಲ್ಲಿ ಬೋರ್ಡ್‌ವಾಕ್ ಅನ್ನುವ ಕೆರೆ ದಂಡೆಯ ಓಡಾಟದ ಜಾಗ. ಕೆರೆ ಸುತ್ತ ಒಂದು ಸುತ್ತು ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ನೆಲ ಸಪಾಟ, ವಾಕಿಂಗ್ ಬಿಡದ ಅಪ್ಪಂದಿರಿಗೆ ಹೇಳಿ ಮಾಡಿಸಿದ್ದು. ಸಂಜೆ ಜಾದೂ, ಹಾಡು ನಡೆಯುತ್ತಿರುತ್ತದೆ. ಎಪ್‌ಕಾಟ್ ಪಟಾಕಿ ಅಲ್ಲಿನ ಸೇತುವೆಯಿಂದ ಕಾಣುತ್ತದೆ. ವಾಪಸ್ ಬರಲು ಬೋರ್ಡ್‌ವಾಕ್‌ನಿಂದಲೇ ಡಿಸ್ನಿ ಸ್ಪ್ರಿಂಗ್ಸ್‌ಗೆ ಬಸ್ ಇದೆ.

ಸ್ಕೈಲೈನರ್‌ನಲ್ಲಿ ಎಸಿ ಇಲ್ಲ, ಗುಡುಗು ಮಿಂಚು ಬಂದರೆ ನಿಲ್ಲಿಸಿಬಿಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲೋರಿಡಾದಲ್ಲಿ ಮಧ್ಯಾಹ್ನದ ಗುಡುಗು ಮಳೆ ಮಾಮೂಲು, ಆ ತಿಂಗಳುಗಳಲ್ಲಿ ಬೆಳಗ್ಗೆಯೇ ಹತ್ತಿ ಮುಗಿಸಿ.

ಹೋಟೆಲ್‌ನ ಈಜುಕೊಳ ಅಲ್ಲಿ ಉಳಿದವರಿಗೆ ಮಾತ್ರ. ಮಕ್ಕಳು ಹಟ ಮಾಡುತ್ತಾರೆ ಅಂತ ಗೊತ್ತಿದ್ದರೆ ಮುಂಚೆಯೇ ಹೇಳಿಡಿ. ಕೈಯಲ್ಲಿ ಕೆಲಸ ಬೇಕು ಅನ್ನುವ ದೊಡ್ಡ ಮಕ್ಕಳಿಗೆ ಮಿನಿ ಗಾಲ್ಫ್ ಇದೆ, ವಿಂಟರ್ ಸಮ್ಮರ್‌ಲ್ಯಾಂಡ್ ಮತ್ತು ಫ್ಯಾಂಟೇಸಿಯಾ ಗಾರ್ಡನ್ಸ್. ದುಡ್ಡು ಕೊಡಬೇಕು, ಆದರೆ ಪಾರ್ಕ್ ಟಿಕೆಟ್ ಬೇಡ. ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಲೆಗೊ ಅಂಗಡಿ ಎದುರು ಕೆರೆಯಲ್ಲಿ ಲೆಗೊದಲ್ಲೇ ಮಾಡಿದ ದೊಡ್ಡ ಹಾವಿನಂಥ ಪ್ರಾಣಿ ತೇಲುತ್ತಿದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಂಗಡಿ ಬೀದಿಗೆ ಮೊದಲೇ ಕಾಲಿಟ್ಟರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ, ಟಿಕೆಟ್‌ನಲ್ಲಿ ಉಳಿದ ದುಡ್ಡು ಆಟಿಕೆಗೆ ಹೋಗುತ್ತದೆ.

ಬ್ಯಾಗಿನಲ್ಲಿ ನೀರು, ಕೊಡೆ, ಲಾಬಿಯ ಎಸಿ ಚಳಿಗೆ ಹಿರಿಯರಿಗೊಂದು ಸ್ವೆಟರ್, ಡಬ್ಬಿಯಲ್ಲಿ ಚಿತ್ರಾನ್ನವೋ ಚಪಾತಿಯೋ ಇರಲಿ. ರಾತ್ರಿಯವರೆಗೂ ಉಳಿಯುವುದಾದರೆ ಸಂಜೆ ಹೋಟೆಲ್‌ಗೆ ಇಳಿಯುವಾಗಲೇ ಡಿಸ್ನಿ ಸ್ಪ್ರಿಂಗ್ಸ್‌ಗೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಡ್ರೈವರ್ ಹತ್ತಿರ ಕೇಳಿಟ್ಟುಕೊಳ್ಳಿ. ಪಟಾಕಿ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಬಸ್ಸಿಗೆ ಓಡುತ್ತಾರೆ. ನೀವು ಅರ್ಧ ಗಂಟೆ ಲಾಬಿಯಲ್ಲಿ ಕೂತು ಹೊರಡಿ, ಎಲ್ಲರಿಗೂ ಸೀಟು ಸಿಗುವ ಸಾಧ್ಯತೆ ಹೆಚ್ಚು.