ಪಿಎಚ್‌.ಡಿ.ಗೆ ಮೊದಲು ಒಂದು ತಿಂಗಳ ತಾಲೀಮು

ಕನ್ನಡ ಎಂ.ಎ. ಮುಗಿದಿದೆ, ಅಂಕವೂ ಚೆನ್ನಾಗಿದೆ. ‘ಹಾಗೇ ಪಿಎಚ್‌.ಡಿ.ಗೂ ಸೇರಿಬಿಡು’ ಎಂದು ಮೇಷ್ಟ್ರು ಹೇಳುತ್ತಿದ್ದಾರೆ. ಅರ್ಜಿ ತುಂಬುವ ಮೊದಲು ಒಂದು ತಿಂಗಳು ತಡೆಯಿರಿ. ಓದುವ ಹುಚ್ಚಿದೆ ಎಂದರೆ ಸಾಲದು, ಒಂದೇ ಪ್ರಶ್ನೆಯೊಂದಿಗೆ ವರ್ಷಗಟ್ಟಲೆ ಏಗಬೇಕು. ಆಗುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು.

ಮೊದಲಿಗೆ ಒಂದು ಹಳೆಯ ತಕರಾರು ಹಿಡಿಯಿರಿ. 9ನೇ ಶತಮಾನದ ಕಾವ್ಯಶಾಸ್ತ್ರ ಗ್ರಂಥ ‘ಕವಿರಾಜಮಾರ್ಗ’ ಬರೆದವನು ದೊರೆ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ? ಎಂ.ಎ. ಪರೀಕ್ಷೆಯಲ್ಲಿ ಎರಡೂ ಹೆಸರು ಬರೆದು ಪಾರಾಗಿರುತ್ತೀರಿ. ಈಗ ಗೈಡ್ ಪುಸ್ತಕ ಬದಿಗಿಟ್ಟು ಗ್ರಂಥವನ್ನೇ ಬಿಚ್ಚಿ. ಇರುವುದು ಮೂರೇ ಪರಿಚ್ಛೇದ. ‘ನೃಪತುಂಗದೇವಾನುಮತ’ ಎಂಬ ಮಾತನ್ನು ಗುರುತು ಹಾಕಿಕೊಳ್ಳಿ. ‘ಅನುಮತ’ ಎಂದರೆ ರಾಜ ಬರೆದದ್ದೋ, ಒಪ್ಪಿದ್ದೋ? ಒಪ್ಪಿದ್ದು ಎನ್ನುವುದಾದರೆ ಬರೆದವನು ಶ್ರೀವಿಜಯ ಎನ್ನಬೇಕು. ಆದರೆ ಗ್ರಂಥದಲ್ಲೇ ಬರುವ ಹಿಂದಿನ ಪದ್ಯಕವಿಗಳ ಪಟ್ಟಿಯಲ್ಲೂ ಒಬ್ಬ ಶ್ರೀವಿಜಯ ಇದ್ದಾನಲ್ಲ, ಅವನು ಯಾರು? ತನ್ನ ಹೆಸರನ್ನು ತಾನೇ ಸೇರಿಸಿಕೊಂಡನೇ? ಇಲ್ಲಿಗೆ ಬಂದಾಗ ಬೇಜಾರು ಬಂತೋ, ಪುಟದ ಅಡಿಯ ಸಣ್ಣಕ್ಷರದ ಪಾಠಾಂತರಗಳತ್ತ (ಬೇರೆ ಬೇರೆ ಹಸ್ತಪ್ರತಿಗಳಲ್ಲಿ ಕಾಣುವ ಬೇರೆ ರೂಪಗಳತ್ತ) ಕಣ್ಣು ತಾನಾಗಿ ಹೋಯಿತೋ, ಗಮನಿಸಿ. ನನ್ನ ಮಟ್ಟಿಗೆ ಪ್ರವೇಶ ಪರೀಕ್ಷೆಗಿಂತ ಇದೇ ಖರೆ ಪರೀಕ್ಷೆ.

ಜೊತೆಗೆ, ಹೊಸಗನ್ನಡ ಗದ್ಯಾನುವಾದ ಮುಚ್ಚಿಟ್ಟು ಹತ್ತು ಪದ್ಯ ಬಿಡಿಸಿ. ನಿಘಂಟು ನೋಡಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ಅಲಂಕಾರಶಾಸ್ತ್ರವೇ ನಿಮ್ಮ ವಿಷಯವಾದರೆ ಸಂಸ್ಕೃತ ಬೇಕೇ ಬೇಕು.

ಮುಂದೆ ಇದೇ ತಕರಾರಿನ ಮೇಲೆ ಹತ್ತು ಪುಟ ಬರೆಯಿರಿ. ನಿಮಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ಮೊದಲು ಹೇಳಿ, ಆ ಪಕ್ಷದವರು ಓದಿದರೂ ‘ಹೌದು, ನಮ್ಮ ವಾದ ಇದೇ’ ಎನ್ನುವ ಹಾಗೆ. ಪ್ರತಿ ಉಲ್ಲೇಖಕ್ಕೂ ಪುಟಸಂಖ್ಯೆ ಇರಲಿ. ಸುಮ್ಮನೆ ಹೊಗಳದ ಅಧ್ಯಾಪಕರಿಗೆ ಕೊಡಿ. ಕೆಂಪು ಶಾಯಿ ಬಳಿದುಕೊಂಡು ವಾಪಸು ಬಂದ ಪ್ರತಿ ಎಷ್ಟು ದಿನ ಚೀಲದಲ್ಲೇ ಉಳಿಯಿತು ಎಂದು ಲೆಕ್ಕವಿಡಿ.

ಇನ್ನು ನಿಯಮ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿ ಪ್ರಕಾರ ಎಂ.ಎ.ಯಲ್ಲಿ ಶೇ 55 ಅಂಕ ಬೇಕು, ಮೀಸಲಾತಿ ವರ್ಗಗಳಿಗೆ ಶೇ 5 ವಿನಾಯಿತಿ. ಅವಧಿ ಕನಿಷ್ಠ 3 ವರ್ಷ, ಹೆಚ್ಚೆಂದರೆ 6. ಮೂರಕ್ಕೇ ಮುಗಿಯುತ್ತದೆ ಎಂದು ಮನೆಯಲ್ಲಿ ಮಾತು ಕೊಡಬೇಡಿ.

ದುಡ್ಡಿನ ಮಾತನ್ನು ಸಂಕೋಚಪಟ್ಟು ಮುಂದೂಡುವವರೇ ಹೆಚ್ಚು. 2023ರ ಪರಿಷ್ಕರಣೆಯಂತೆ, ಸಂಶೋಧನಾ ವಿದ್ಯಾರ್ಥಿವೇತನವಾದ ಜೆಆರ್‌ಎಫ್ ಸಿಕ್ಕವರಿಗೆ ಮೊದಲೆರಡು ವರ್ಷ ತಿಂಗಳಿಗೆ ₹37,000. ಸಿಗದಿದ್ದರೆ? ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತ ಸಂಶೋಧನೆಯನ್ನೂ ಮಾಡುತ್ತೇನೆ ಎನ್ನುವವರು ವಾರದಲ್ಲಿ ಎಷ್ಟು ಗಂಟೆ ಗ್ರಂಥಾಲಯಕ್ಕೆ ಮಿಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡಲಿ.

ಕೊನೆಗೆ ಮಾರ್ಗದರ್ಶಕರು. ಅವರ ಹೆಸರು ನೋಡಿ ಹೋಗಬೇಡಿ. ಪಿಎಚ್.ಡಿ. ಪ್ರಬಂಧಗಳನ್ನು ಇಟ್ಟಿರುವ ‘ಶೋಧಗಂಗಾ’ ಜಾಲತಾಣದಲ್ಲಿ ಅವರ ಕೈಕೆಳಗೆ ಮುಗಿದ ಎರಡು ಮಹಾಪ್ರಬಂಧ ಹುಡುಕಿ ಓದಿ. ಆ ವಿದ್ಯಾರ್ಥಿಗಳು ಸಿಕ್ಕರೆ ಒಂದು ಅಧ್ಯಾಯ ಕೊಟ್ಟ ಮೇಲೆ ಎಷ್ಟು ತಿಂಗಳಿಗೆ ತಿದ್ದಿ ಕೊಡುತ್ತಿದ್ದರು ಎಂದು ಕೇಳಿ.